ಬೆವರು ಒಂದೇ, ಬಿದ್ದ ನೆಲ ಬೇರೆ

ಲೋಣಾವಳಾದಿಂದ ಪುಣೆಯ ದಿಕ್ಕಿಗೆ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ಕಾರ್ಲೆಯ ಗುಹೆಗಳು ಸಿಗುತ್ತವೆ. ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರು ಆ ಗುಡ್ಡವನ್ನು ಹತ್ತಿ, ಏಕವೀರಾ ದೇವಿಗೆ ಕೈಮುಗಿದು, ಪಕ್ಕದ ಚೈತ್ಯಾಲಯವನ್ನು ಒಂದು ಸುತ್ತು ನೋಡಿ ಇಳಿದು ಬಂದವರೇ. ಆದರೆ ಅಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಕೊರೆದಿರುವ ಒಂದು ಶಾಸನಕ್ಕೂ ನಮ್ಮ ನಾಡಿಗೂ ಸಂಬಂಧವಿದೆಯೆಂಬುದನ್ನು ಬಲ್ಲವರು ಕಡಿಮೆ. ವೈಜಯಂತಿಯ ಶ್ರೇಷ್ಠಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದು ಆ ಶಾಸನ ಸಾರುತ್ತದೆ. ವೈಜಯಂತಿಯೆಂದರೆ ಉತ್ತರ ಕನ್ನಡದ ಬನವಾಸಿಯೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಹಾಗಾದಲ್ಲಿ, ಈ ಘಟ್ಟದ ತಲೆಗೆ ಬಂದು ಹಣ ಹೂಡಿದ ಕನ್ನಡ ನಾಡಿನ ಧಣಿಯೊಬ್ಬನು ಸುಮಾರು 2000 ವರ್ಷಗಳ ಹಿಂದೆಯೇ ಇದ್ದನೆಂದಾಯಿತು!

ಅದೇ ಗುಹೆಯಲ್ಲಿ ಇನ್ನೊಂದು ಹೆಸರೂ ಇದೆ. ಧೇನುಕಾಕಟದ ಸಾಮಿ ಎಂಬ ಬಡಗಿಯು ಬಾಗಿಲಿನ ಮುಖವನ್ನು ನಿರ್ಮಿಸಿದನೆಂದು ಮತ್ತೊಂದು ಶಾಸನ ಹೇಳುತ್ತದೆ. ಹಣವಿದ್ದವನ ಹೆಸರು ಉಳಿಯಿತು. ಕಸಬು ಬಲ್ಲವನ ಹೆಸರೂ ಉಳಿಯಿತು. ವರ್ಷಗಟ್ಟಲೆ ಉಳಿ ಹಿಡಿದು ಗುಡ್ಡದ ಹೊಟ್ಟೆಯನ್ನು ಬಗೆದ ಕೂಲಿಗಳ ಹೆಸರು ಮಾತ್ರ ಕಲ್ಲಿನ ಪುಡಿಯೊಂದಿಗೆ ಕಣಿವೆಗೆ ಹೋಯಿತು. ಅದು ಹಳೆಯ ಕಾಲ, ಹುಟ್ಟಿದ ಮನೆತನವೇ ಮನುಷ್ಯನ ಬೆಲೆಯನ್ನು ಕಟ್ಟುತ್ತಿದ್ದ ಕಾಲ, ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದು.

ಆಧುನಿಕ ಕಾಲವು ಈ ಊರಿಗೆ ರೈಲು ಹಳಿಯ ಮೇಲೆ ಬಂದಿತು. ಬೋರ್ ಘಾಟಿನ ಕೆಲಸ 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. 1861ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದವರು ನಲವತ್ತು ಸಾವಿರಕ್ಕೂ ಮಿಕ್ಕಿ. ಕೂಲಿ ಬಾಕಿಯಾದುದಕ್ಕೆ 1859ರಲ್ಲಿ ಗಲಭೆಯೇ ಆಗಿಹೋಯಿತು. ಕಾಲರಾ, ಜ್ವರ, ಸಿಡಿಮದ್ದು, ಜಾರುಬಂಡೆ ಇವುಗಳಿಗೆ ಸಿಕ್ಕಿ ಸತ್ತವರು ಸಾವಿರ ಸಾವಿರ. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನೆಂಬುದೂ, ಅವನ ಪತ್ನಿ ಆಲಿಸ್ ಕೆಲಸವನ್ನು ಮುಂದುವರಿಸಿದಳೆಂಬುದೂ ಪುಸ್ತಕಗಳಲ್ಲಿವೆ. ಆ ಹೆಂಗಸಿನ ಧೈರ್ಯವನ್ನು ಮೆಚ್ಚಲೇಬೇಕು. ಸುರಂಗ ಕೊರೆದವರ ಹೆಸರು ಇಲ್ಲಿಯೂ ಇಲ್ಲ. ರೈಲು ಓಡತೊಡಗಿದ ಮೇಲೆ ದುಡ್ಡು ಕೊಟ್ಟವನು ಯಾರಾದರೂ ಹತ್ತಬಹುದೆಂದಾಯಿತು; ಜಾತಿ ಕೇಳದೆ ಟಿಕೇಟು ಕೊಟ್ಟದ್ದು ಈ ದೇಶದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಡಬ್ಬಿಗಳಿಗೆ ದರ್ಜೆಗಳಿದ್ದವು. ಆಧುನಿಕ ಸಮಾಜದ ಸಮಾನತೆಯ ಸ್ವರೂಪವೇ ಇದು: ಹತ್ತುವ ಹಕ್ಕು ಎಲ್ಲರಿಗೂ ಉಂಟು, ಕೂರುವ ಡಬ್ಬಿ ಮಾತ್ರ ಬೇರೆ ಬೇರೆ. 1974ರಲ್ಲಿ ರೈಲ್ವೆಯವರು ಮೂರನೆಯ ದರ್ಜೆಯೆಂಬ ಹೆಸರನ್ನು ತೆಗೆದುಹಾಕಿದರು. ಅದರಲ್ಲಿ ಪ್ರಯಾಣಿಸುತ್ತಿದ್ದವರು ಎರಡನೆಯ ದರ್ಜೆಯವರೆನಿಸಿಕೊಂಡು ಅಂಥದೇ ನೂಕುನುಗ್ಗಲಿನಲ್ಲಿ ನಿಂತರು.

ಹಳೆಯ ಸಮಾಜವು ಅಸಮಾನತೆಗೆ ಪೂರ್ವಜನ್ಮದ ಕರ್ಮವನ್ನು ಕಾರಣವಾಗಿ ಹೇಳುತ್ತಿತ್ತು. ಹೊಸ ಸಮಾಜ ಹೇಳುವ ಕಾರಣ ಯೋಗ್ಯತೆ. ದುಡಿದವನು ಮೇಲೇರಿದ, ದುಡಿಯದವನು ಕೆಳಗುಳಿದ ಎಂಬುದು ನಮ್ಮ ಹೋಟೆಲು ಸಮಾಜದಲ್ಲಂತೂ ವೇದವಾಕ್ಯ. ಸಂಘದ ವಾರ್ಷಿಕೋತ್ಸವಗಳಲ್ಲಿ ಸನ್ಮಾನ ಪಡೆಯುವ ಪ್ರತಿಯೊಬ್ಬ ಹೋಟೆಲುದ್ಯಮಿಯ ಪರಿಚಯವೂ ಒಂದೇ ರೀತಿ ಮೊದಲಾಗುತ್ತದೆ: ಬಾಲ್ಯದಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದರು, ಮೇಜು ಒರೆಸಿದರು, ಮೋರಿಯಲ್ಲಿ ಕಪ್ಪುಬಸಿ ತೊಳೆದರು, ಇಂದು ಮೂರು ಹೋಟೆಲುಗಳ ಮಾಲಿಕರು. ಇದು ಸುಳ್ಳಲ್ಲ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ರಾಮ ನಾಯಕರಂಥವರ ಶ್ರಮವನ್ನು ಯಾರು ಅಲ್ಲಗಳೆಯಬಲ್ಲರು? ಆದರೆ ಅದೇ ಮೋರಿಯಲ್ಲಿ ಅವರ ಪಕ್ಕಕ್ಕೆ ನಿಂತು, ಅಷ್ಟೇ ಹೊತ್ತು ಅಷ್ಟೇ ಕಪ್ಪುಬಸಿ ತೊಳೆದ ಇನ್ನೊಬ್ಬ ಹುಡುಗನೂ ಇದ್ದಿರಬೇಕಲ್ಲವೇ? ಅವನು ಅರುವತ್ತರ ವಯಸ್ಸಿನಲ್ಲಿ ಬೆನ್ನುನೋವಿನೊಂದಿಗೆ ಊರಿಗೆ ಮರಳಿದನು. ಅವನಿಗೆ ಸನ್ಮಾನವಿಲ್ಲ, ಪರಿಚಯಪತ್ರವೂ ಇಲ್ಲ. ಇವರಿಬ್ಬರ ನಡುವಿನ ಅಂತರಕ್ಕೆ ಬೆವರಿನ ಹೆಚ್ಚುಕಡಿಮೆಯೇ ಕಾರಣವೆಂದು ಹೇಳುವುದು ಗಲ್ಲೆಯ ಹಿಂದೆ ಕುಳಿತು ಬಲ್ಲ ನನ್ನಂಥವನಿಗೆ ಸಾಧ್ಯವಿಲ್ಲ.

ಮೇಲೇರಿದವರ ಕಾಲ ಕೆಳಗೆ ಏನಿತ್ತೆಂಬುದನ್ನು ನೋಡಬೇಕು. ಮೊದಲನೆಯದು ಜಾಗ. 1947ರಲ್ಲಿ ಮುಂಬಯಿ ಸರಕಾರವು ಬಾಡಿಗೆ ನಿಯಂತ್ರಣದ ಕಾಯ್ದೆಯನ್ನು ತಂದಿತು. 1940ರ ಸೆಪ್ಟೆಂಬರಿನಲ್ಲಿದ್ದ ಬಾಡಿಗೆಯನ್ನೇ ಅದು ಮಟ್ಟವಾಗಿ ಹಿಡಿಯಿತು. ಆ ದಿನಗಳಲ್ಲಿ ಪಗಡಿ ಕೊಟ್ಟು ಒಂದು ಗಾಳಾ ಹಿಡಿದವನು, ಇರಾನಿಯಿಂದಲೋ ಗುಜರಾತಿಯಿಂದಲೋ ಮೂಲೆಯ ಅಂಗಡಿಯನ್ನು ವಹಿಸಿಕೊಂಡವನು, ಮುಂದಿನ ನಲವತ್ತು ವರ್ಷ ಹೆಚ್ಚುಕಡಿಮೆ ಅದೇ ಬಾಡಿಗೆ ಕಟ್ಟಿದನು. ನಗರ ಬೆಳೆದು ನೆಲದ ಬೆಲೆ ಏರಿದ ಲಾಭವೆಲ್ಲ ಇಡ್ಲಿ ಸಾಂಬಾರಿನ ಲಾಭದೊಂದಿಗೆ ಬೆರೆತು ಅವನ ಗಲ್ಲೆಗೆ ಬಿದ್ದಿತು. ಇಂದು ಮೋರಿಯಲ್ಲಿರುವ ಹುಡುಗನು ಎಷ್ಟೇ ಉಳಿಸಿದರೂ ಪಗಾರದ ಹಣದಿಂದ ಲೋಣಾವಳಾದ ಬಜಾರಿನಲ್ಲಿ ಒಂದು ಗಾಳಾ ಹಿಡಿಯಲಾರ. ಹಿಡಿದರೂ ಅದು ಹನ್ನೊಂದು ತಿಂಗಳ ಕರಾರು, ಇಲ್ಲವೇ ಇನ್ನೊಬ್ಬನ ಲೈಸೆನ್ಸಿನ ಮೇಲೆ ನಡೆಸುವ ‘ಕಂಡಕ್ಟ್’ ವ್ಯವಹಾರ. ಹಾಗೆ ನಡೆಸುವ ಸಣ್ಣ ಧಣಿಯ ಅವಸ್ಥೆಯೂ ಅಷ್ಟೇನೂ ಸುಖದ್ದಲ್ಲವೆಂಬುದನ್ನು ನಮ್ಮ ಕಾರ್ಮಿಕ ಬಂಧುಗಳು ಮರೆಯಬಾರದು. ಬೆಳಗಿನಿಂದ ಮಧ್ಯಾಹ್ನದವರೆಗಿನ ವ್ಯಾಪಾರವೆಲ್ಲ ಜಾಗದವನ ಪಾಲಿಗೇ ಸಂದಿತೆಂದು ಆತನೂ ನಿಟ್ಟುಸಿರು ಬಿಡುತ್ತಾನೆ.

ಎರಡನೆಯದು ಸಾಲ. ನಮ್ಮ ಜಿಲ್ಲೆಯ ಬ್ಯಾಂಕುಗಳು ನಮ್ಮ ಬೆನ್ನಿಗೇ ಬಂದವು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಏಜೆಂಟನು ಹೋಟೆಲಿನ ಬಾಗಿಲಿಗೇ ಬರುತ್ತಿದ್ದನು. ಊರಿನವನೇ ಮ್ಯಾನೇಜರು, ಊರಿನವನೇ ಕ್ಲಾರ್ಕು. ಮನೆತನ ಗೊತ್ತಿದ್ದುದರಿಂದ ಸಾಲದ ದಾರಿ ಸುಗಮವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವೆಂದು ನಮ್ಮ ಹಿರಿಯರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಮರುಕ ಸಹಜವೇ. ಆದರೆ ಮನೆತನ ಗೊತ್ತಿದ್ದವನಿಗೆ ಸಾಲ ಸಿಕ್ಕಿತೆಂದರೆ, ಹೇಳಿಕೊಳ್ಳುವ ಮನೆತನವಿಲ್ಲದವನಿಗೆ ಸಿಕ್ಕಲಿಲ್ಲವೆಂದೇ ಅರ್ಥ.

ಮೂರನೆಯದು ಶಾಲೆ. ಈ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ದುಡಿಯುವವನಿಗೆ ಹಗಲಿನಲ್ಲಿ ಬಿಡುವಿಲ್ಲ, ಆದುದರಿಂದ ರಾತ್ರಿ ಕಲಿಸಬೇಕು ಎಂಬ ವಿಚಾರವನ್ನು 1855ರಷ್ಟು ಹಿಂದೆಯೇ ಪುಣೆಯಲ್ಲಿ ಕಾರ್ಯರೂಪಕ್ಕೆ ತಂದವರು ಮಹಾತ್ಮಾ ಜ್ಯೋತಿಬಾ ಫುಲೆಯವರು. ಮುಂಬಯಿಯಲ್ಲಿ ನಮ್ಮವರ ಭಾಗ್ಯ ತೆರೆದದ್ದೂ ಈ ಬಾಗಿಲಿನಿಂದಲೇ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್, ಬಂಟರ ಸಂಘ ಮೊದಲಾದ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಟ್ರೇ ಹೊತ್ತ ಹುಡುಗರು ರಾತ್ರಿ ಬೀಜಗಣಿತ ಕಲಿತರು. ಎಸ್.ಎಸ್.ಎಲ್.ಸಿ. ಎಂಬ ನಾಲ್ಕು ಅಕ್ಷರಗಳು ಕ್ಲೀನರನನ್ನು ಕ್ಲಾರ್ಕನನ್ನಾಗಿ ಮಾಡಿದವು. ಈ ಲೇಖಕನ ಎಸ್.ಎಸ್.ಎಲ್.ಸಿ.ಯೂ ಅಂಥದೊಂದು ಬೆಂಚಿನ ಮೇಲೆ, ಪುಸ್ತಕಕ್ಕೆ ಮೆತ್ತಿದ ದೋಸೆಹಿಟ್ಟಿನ ಸಹಿತ, ಆದುದು. ಇದನ್ನು ಓದುತ್ತಿರುವ ಎಷ್ಟೋ ಮಂದಿ ಗುಮಾಸ್ತ ಬಂಧುಗಳೂ ಅಲ್ಲಿಂದಲೇ ಬಂದವರು.

ಆದರೆ ಆ ಏಣಿ ಯಾವ ಗೋಡೆಗೆ ಒರಗಿತ್ತೆಂಬುದನ್ನೂ ಹೇಳಬೇಕಾಗುತ್ತದೆ. ಅದು ಜಾತಿಯ ಗೋಡೆಗೆ ಒರಗಿತ್ತು. ಶಾಲೆಯೊಳಗೆ ಎಲ್ಲರನ್ನೂ ಸೇರಿಸಿಕೊಂಡರೆಂಬುದು ಆ ಸಂಸ್ಥೆಗಳ ದೊಡ್ಡತನ; ಆದರೂ ಹಣ ಕೂಡಿಸಿದ್ದು, ಕಟ್ಟಡ ಎಬ್ಬಿಸಿದ್ದು, ಹುಡುಗನನ್ನು ಊರಿನಿಂದ ಕರೆತಂದು ಕೆಲಸಕ್ಕೆ ಹಚ್ಚಿದ್ದು ಎಲ್ಲ ಜಾತಿಯ ಬಂಧದಿಂದ. ಮುಂಬಯಿಯಲ್ಲಿ ಮಾವನಿದ್ದವನು ಬಂದನು, ಮಾವನಿಲ್ಲದವನು ಬರಲಿಲ್ಲ. ಉಡುಪಿ ಹೋಟೆಲಿನ ಅಡಿಗೆಯ ಮನೆಯೊಳಗೆ ಎಲ್ಲರೂ ಕಾಲಿಡುವಂತಿರಲಿಲ್ಲ. ಭಟ್ಟರ ಒಲೆಗೆ ಒಂದು ಜಾತಿ, ಬಡಿಸಲು ಒಂದು, ಮೋರಿಗೆ ಇನ್ನೊಂದು ಎಂಬ ಕಟ್ಟು ಬಹುಕಾಲ ನಡೆಯಿತು. ಕುದ್ಮುಲ್ ರಂಗರಾಯರು 1897ರಲ್ಲಿಯೇ ಮಂಗಳೂರಿನಲ್ಲಿ ದಲಿತೋದ್ಧಾರದ ಮಿಶನನ್ನು ಸ್ಥಾಪಿಸಿ, ಯಾರೂ ಮುಟ್ಟದ ಮಕ್ಕಳಿಗೆ ಅಕ್ಷರ ಕಲಿಸಿದರು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರದ ಕಷ್ಟವನ್ನುಂಡರು. ಅಂಥ ಜಿಲ್ಲೆಯಲ್ಲಿಯೇ ಕೊರಗರಿಂದ ಎಂಜಲು ಎತ್ತಿಸುವಂಥ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾಯ್ದೆ ಮಾಡಬೇಕಾಯಿತು. ಊರಿನಿಂದ ಮುಂಬಯಿಗೆ ಬಂದ ಹಡಗು, ಬಸ್ಸು, ರೈಲು ಯಾವುದರಲ್ಲಿಯೂ ಕೊರಗರ ಹುಡುಗನಿಗೆ ಟಿಕೇಟು ತೆಗೆದುಕೊಡುವ ಮಾವನಿರಲಿಲ್ಲ. ಬರಿಗೈಯಲ್ಲಿ ಬಂದೆವೆಂದು ಹೇಳುವ ನಮ್ಮ ಕೈಯಲ್ಲಿ ಮಾವನ ಮನೆಯ ವಿಳಾಸವಿತ್ತು.

ಇನ್ನು ಎಲ್ಲಕ್ಕೂ ಬುಡವಾದ ಭೂಮಿಯ ವಿಷಯ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹತ್ತು ಹನ್ನೆರಡು ವಯಸ್ಸಿನ ಹುಡುಗರು ಹೋಟೆಲಿಗೆ ಏಕೆ ಬರುತ್ತಿದ್ದರು? ಚಾಲಗೇಣಿಯ ಒಕ್ಕಲು ಮಗನು ಬೆಳೆದ ಮುಡಿಗಳಲ್ಲಿ ಧಣಿಯ ಪಾಲನ್ನು ಅಳೆದು ಕೊಟ್ಟ ಮೇಲೆ ಮಳೆಗಾಲಕ್ಕೆ ಅಕ್ಕಿ ಉಳಿಯುತ್ತಿರಲಿಲ್ಲ. ಮೂಲಗೇಣಿಯವನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಬಿಡೆಂದರೆ ಬಿಡಬೇಕು. ಆದುದರಿಂದ ಒಂದು ಹೊಟ್ಟೆ ಕಡಿಮೆಯಾಗಲೆಂದು ಹುಡುಗನನ್ನು ಊರವರ ಜೊತೆ ಕಳುಹಿಸುತ್ತಿದ್ದರು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ನಮೂನೆ 7ರಲ್ಲಿ ‘ಡಿಕ್ಲರೇಶನ್’ ಕೊಟ್ಟ ಒಕ್ಕಲಿಗೆ ಟ್ರಿಬ್ಯೂನಲ್ಲಿನ ಮೂಲಕ ಹಕ್ಕು ಸಿಕ್ಕಿತು. ಟ್ರಿಬ್ಯೂನಲ್ಲಿನ ಮುಂದೆ ವಕೀಲರನ್ನು ನಿಲ್ಲಿಸುವ ಅವಕಾಶ ಮೊದಲಿಗೆ ಇರಲಿಲ್ಲ. ಹಣವಿದ್ದವನ ನಾಲಗೆ ಉದ್ದವಾಗದಿರಲೆಂಬ ಉದ್ದೇಶ. ನಿನ್ನೆಯವರೆಗೆ ಮೆಟ್ಟಿಲ ಕೆಳಗೆ ನಿಂತವನು ಒಂದು ಕಾಗದದ ಬಲದಿಂದ ನೆಲದೊಡೆಯನಾದನು. ಅವನ ಮೊಮ್ಮಕ್ಕಳು ಇಂದು ಇಂಜಿನಿಯರುಗಳು. ಅವರ ಬುದ್ಧಿ ಅಜ್ಜನಿಗೆ ಇರಲಿಲ್ಲವೇ? ಇತ್ತು, ಭೂಮಿ ಇರಲಿಲ್ಲ.

ಆ ಕಾಯ್ದೆಯೂ ಎಲ್ಲರನ್ನೂ ಸಮನಾಗಿ ಕಾಣಲಿಲ್ಲ. ಸಾವಿರ ಮುಡಿಯ ಧಣಿಯೊಂದಿಗೆ, ಗಂಡ ಸತ್ತು ಎರಡು ಎಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯೂ ಭೂಮಿ ಕಳೆದುಕೊಂಡಳು. ಹೆಣ್ಣಿನ ಮೂಲಕ ಆಸ್ತಿ ಬರುವ ಅಳಿಯಸಂತಾನದ ಮನೆಗಳಲ್ಲಿಯೂ ಡಿಕ್ಲರೇಶನ್ನಿನ ಮೇಲೆ ಬಹುಪಾಲು ಗಂಡಸಿನ ಹೆಸರೇ ಬಿದ್ದಿತು. ಊರಲ್ಲಿದ್ದ ಅಣ್ಣನ ಹೆಸರಿಗೆ ಭೂಮಿಯಾಗಿ, ಮುಂಬಯಿಯಿಂದ ತಿಂಗಳು ತಿಂಗಳು ಮನಿಯಾರ್ಡರು ಕಳುಹಿಸಿದ ತಮ್ಮನು ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಪ್ರಸಂಗಗಳು ನಮ್ಮ ಓದುಗರಿಗೆ ಹೊಸತಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಗೇಣಿಯ ಹಕ್ಕೇ ಇಲ್ಲದೆ ಒಕ್ಕಲಿನ ಗದ್ದೆಯಲ್ಲಿಯೂ ಧಣಿಯ ಗದ್ದೆಯಲ್ಲಿಯೂ ಕೂಲಿಗೆ ದುಡಿದವನಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ನೆಲ ಸಿಕ್ಕಿತು. ‘ಉಳುವವನೇ ಹೊಲದೊಡೆಯ’ ಎಂದರು. ನಿಜವಾಗಿ ನೇಗಿಲ ಹಿಂದೆ ನಡೆದವನು ಅನೇಕ ಕಡೆ ಈ ಕೂಲಿಯವನೇ ಆಗಿದ್ದನು. ಅವನ ಹೆಸರು ಯಾವ ಗೇಣಿ ಚೀಟಿಯಲ್ಲಿಯೂ ಇರಲಿಲ್ಲ.

ನಮ್ಮ ಮನೆಗಳಿಂದಲೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಊರಿನಲ್ಲಿ ತಾಯಿಯು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾಳೆ; ಮಗನು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ. ತಾಯಿಗೆ ಪ್ರಾವಿಡೆಂಟ್ ಫಂಡಿನ ನಂಬರಿದೆ, ಮಗನಿಗೆ ಇಲ್ಲ! ಹೀಗಿರುವ ಮನೆಗಳು ಕರಾವಳಿಯಲ್ಲಿ ಎಷ್ಟೋ ಇವೆ. ಬೀಡಿ ಕೆಲಸಗಾರರಿಗಾಗಿ 1966ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು. 1977ರಲ್ಲಿ ಫಂಡು ಅವರಿಗೆ ಅನ್ವಯವಾಯಿತು. ಅವರ ಹಿಂದೆ ಯೂನಿಯನ್ನುಗಳಿದ್ದವು. ಹೋಟೆಲಿನವನಿಗೆ ಅಡ್ಡ ಬಂದದ್ದು ಒಂದು ಅಂಕೆ. ಪ್ರಾವಿಡೆಂಟ್ ಫಂಡಿನ 1952ರ ಕಾಯ್ದೆ ಇಪ್ಪತ್ತು ಜನರ ಗೆರೆ ಎಳೆಯಿತು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 1948ರ ಕಾಯ್ದೆಯ ಜಾಗಕ್ಕೆ ಬಂದ 2017ರ ಕಾಯ್ದೆಯು, ಬರುವಾಗಲೇ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಎರಡು ಪಾಳಿ ನಡೆಯುವ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರುಗಳು ಏಕಿರುತ್ತವೆಂಬುದನ್ನು ನಮ್ಮ ಧಣಿ ಬಂಧುಗಳಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ತಾಯಿಗಿಂತ ಮಗನು ಕಡಿಮೆ ದುಡಿದನೆಂದು ಯಾರೂ ಹೇಳಲಾರರು. ಒಬ್ಬಳ ಹೆಸರು ಪುಸ್ತಕದಲ್ಲಿ ಬಂದಿತು, ಇನ್ನೊಬ್ಬನದು ಬರಲಿಲ್ಲ.

ಲೋಣಾವಳಾದ ಸುತ್ತ ಒಂದು ಸಂಜೆ ತಿರುಗಾಡಿದರೆ ಇದೇ ಸಂಗತಿ ಬೇರೆ ರೂಪದಲ್ಲಿ ಕಾಣುತ್ತದೆ. ಇಲ್ಲಿಯ ಕೆರೆಗಳಲ್ಲಿ ನೀರು ಕಟ್ಟಿ, ಘಟ್ಟದ ಕೆಳಗೆ ಖೋಪೋಲಿಗೆ ಧುಮುಕಿಸಿ, 1915ರಿಂದ ಟಾಟಾ ಕಂಪೆನಿಯು ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ಮುಂದೆ ಮುಳಶಿಯಲ್ಲಿ ಅಣೆಕಟ್ಟು ಕಟ್ಟಹೊರಟಾಗ ಭತ್ತದ ಗದ್ದೆಗಳು ಮುಳುಗುವುವೆಂದು ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅವರೊಂದಿಗೆ ನಿಂತು ಸೆರೆಮನೆ ಕಂಡರು. ಅಣೆಕಟ್ಟು ನಿಲ್ಲಲಿಲ್ಲ. ಮುಂಬಯಿ ಬೆಳಗಿತು, ಮುಂಬಯಿಯಲ್ಲಿ ಹಣ ಬೆಳೆಯಿತು, ಆ ಹಣವು ಇದೇ ಘಟ್ಟಕ್ಕೆ ಬಂಗಲೆಗಳ ರೂಪದಲ್ಲಿ ಮರಳಿತು. ಹೆದ್ದಾರಿಯಾದ ಮೇಲಂತೂ ಕೇಳುವುದೇ ಬೇಡ. ವಾರದ ಐದು ದಿನ ಗೇಟಿಗೆ ಬೀಗ, ಒಳಗೊಬ್ಬ ಮಾಲಿ. ಆ ಮಾಲಿಯು ಅನೇಕ ಸಲ ಅದೇ ನೆಲದ ಹಳೆಯ ಒಕ್ಕಲಿನ ಮಗ. ಅಲ್ಲಿಂದ ಕೂಗಳತೆಯಲ್ಲಿ, ರಾತ್ರಿ ಹನ್ನೆರಡಕ್ಕೆ ಶಟರು ಎಳೆದ ಹೋಟೆಲಿನೊಳಗೆ, ಹುಡುಗರು ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಚಾಪೆ ಹಾಸುತ್ತಾರೆ. ಫುಲೆಯವರ ಶಿಷ್ಯ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಮುಂಬಯಿಯ ಗಿರಣಿ ಕಾರ್ಮಿಕರಿಗೆ 1890ರ ಜೂನ್ 10ರಂದು ಭಾನುವಾರದ ರಜೆ ದೊರೆಯಿತು. ಆ ರಜೆಯೇ ಇಂದು ಶನಿವಾರ ಭಾನುವಾರಗಳಂದು ಲೋಣಾವಳಾಕ್ಕೆ ಮಳೆ ನೋಡಲು ಬರುವ ಜನಸಾಗರ. ಆ ಎರಡು ದಿನ ನಮ್ಮ ಸಪ್ಲಾಯರಿಗೆ ಕುಳಿತು ಉಣ್ಣಲೂ ಬಿಡುವಿಲ್ಲ.

‘ಮೆರಿಟಾಕ್ರಸಿ’ ಎಂಬ ಶಬ್ದವನ್ನು ಇಂದು ದೊಡ್ಡವರು ಹೆಮ್ಮೆಯಿಂದ ಆಡುತ್ತಾರೆ. ಯೋಗ್ಯರ ಆಳ್ವಿಕೆಯೆಂದು ಅದರ ಅರ್ಥ. ಅದನ್ನು ಪ್ರಚಾರಕ್ಕೆ ತಂದವರು 1958ರಲ್ಲಿ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್, ಹೊಗಳುವುದಕ್ಕಲ್ಲ, ವಿಡಂಬನೆಗಾಗಿ. ಗೆದ್ದವರೆಲ್ಲ ತಾವು ಗೆಲ್ಲಲು ಅರ್ಹರೆಂದೂ ಸೋತವರು ಸೋಲಲು ಅರ್ಹರೆಂದೂ ನಂಬಿಬಿಟ್ಟರೆ ಆ ಸಮಾಜ ಎಷ್ಟು ಕ್ರೂರವಾದೀತೆಂದು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಹಳೆಯ ಕಾಲದ ಬಡವನು ವಿಧಿಯನ್ನು ಬೈದು ಹಗುರಾಗುತ್ತಿದ್ದನು. ಇಂದಿನ ಬಡವನಿಗೆ ತನ್ನನ್ನೇ ಬೈದುಕೊಳ್ಳಲು ಕಲಿಸಲಾಗಿದೆ. ನಲವತ್ತು ವರ್ಷ ದುಡಿದ ಅಡಿಗೆಯವರು, “ನನಗೆ ಯೋಗ್ಯತೆ ಇರಲಿಲ್ಲ, ಸ್ವಾಮೀ” ಎಂದು ಹೇಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಅವರ ಕೈಯ ಸಾಂಬಾರಿನಿಂದ ಮೂರು ತಲೆಮಾರಿನ ಧಣಿಗಳು ಬದುಕಿದ್ದರು.

ಈಗ ನಮ್ಮ ಹೋಟೆಲುಗಳ ಮೋರಿಯಲ್ಲಿ ಕನ್ನಡದ ಹುಡುಗರು ವಿರಳ. ನಮ್ಮ ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋದರು, ಅದು ಸಂತೋಷದ ವಿಷಯ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧವೂ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಇಂದು ಬರುವವರು ಉತ್ತರ ಪ್ರದೇಶ, ಬಿಹಾರ, ಝಾರ್ಖಂಡ, ಒಡಿಶಾ, ನೇಪಾಳಗಳ ತರುಣರು. ಅವರು ಬಂದ ಕಾರಣ ನಮ್ಮ ಹಿರಿಯರು ಬಂದ ಕಾರಣವೇ. ಅವರ ಊರಿನಲ್ಲಿಯೂ ಭೂಮಿ ಇನ್ನೊಬ್ಬನ ಹೆಸರಿನಲ್ಲಿದೆ. ನಮಗಿದ್ದ ಬಾಡಿಗೆ ಕಾಯ್ದೆ ಅವರಿಗಿಲ್ಲ. ನಮ್ಮ ರಾತ್ರಿ ಶಾಲೆಗಳಲ್ಲಿ ಹಲವು, ಕನ್ನಡದ ವಿದ್ಯಾರ್ಥಿಗಳಿಲ್ಲದೆ ಮುಚ್ಚಿಹೋದವು. ಆ ಬೆಂಚುಗಳ ಮೇಲೆ ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಪಾಠ ನಡೆಸಬಹುದೆಂಬ ವಿಚಾರವನ್ನು ನಮ್ಮ ಸಂಘಗಳ ಮಹಾಸಭೆಗಳಲ್ಲಿ ಯಾರಾದರೂ ಎತ್ತಿದ್ದನ್ನು ನಾನು ಕೇಳಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಒಲೆ ತಣ್ಣಗಿರುವಾಗ ಈ ಹುಡುಗರು ಮಾಳಿಗೆಯಲ್ಲಿ ಮೊಬೈಲು ನೋಡುತ್ತ ಮಲಗಿರುತ್ತಾರೆ.

ಸಂಜೆ ಏಳಕ್ಕೆ ಮಾಣಿಯನ್ನು ಶಾಲೆಗೆ ಬಿಡುವುದು ಆ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಅದು ಗಿರಾಕಿಗಳು ತುಂಬುವ ಹೊತ್ತು. ಬಿಡದ ಧಣಿಗಳು ಬಹಳ ಮಂದಿ ಇದ್ದರು. ಕೆಲವರು ಬಿಟ್ಟರು. ಹುಡುಗನು ಚೀಲ ಹಿಡಿದು ಹಿಂದಿನ ಬಾಗಿಲಿನಿಂದ ಹೋದ ಮೇಲೆ, ಗಲ್ಲೆಯನ್ನು ಮ್ಯಾನೇಜರಿಗೆ ಒಪ್ಪಿಸಿ, ಪಂಚೆಯನ್ನು ಎತ್ತಿ ಕಟ್ಟಿ, ಅವರೇ ಮೇಜು ಒರೆಸಿದರು.